ಚಕೋರಾಹಾರ ನಿರ್ಣಯ ಅರ್ಥಾತ್ ಪಿಕಪ್ ಟೈರು ಪರೀಕ್ಷಾ ವಿಧಿ

ಚಕೋರ ಪಕ್ಷಿಯ ಆಹಾರ ಯಾವುದೆಂಬ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಅವಸರದಲ್ಲಿ ಬಗೆಹರಿಸಿ ಕೈತೊಳೆದುಕೊಂಡರು. ಬೆಳದಿಂಗಳು ಎಂದರು. ಕವಿಸಮಯವೆಂಬ ರಿಯಾಯಿತಿ ಇದ್ದುದರಿಂದ ಯಾರೂ ಸಾಕ್ಷಿ ಕೇಳಲಿಲ್ಲ. ಚಂಪೂವಿನಿಂದ ಷಟ್ಪದಿಗೆ, ಷಟ್ಪದಿಯಿಂದ ಭಾವಗೀತೆಗೆ ಆ ಬಡಹಕ್ಕಿ ಉಪವಾಸವೇ ದಾಟಿ ಬಂತು. ಈ ಅನ್ಯಾಯವನ್ನು ಸರಿಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ಕ್ಷೇತ್ರ: ಅಮೆರಿಕದ ನೆವಾಡ ರಾಜ್ಯದ ಉತ್ತರ ಭಾಗ, ಅದಕ್ಕೆ ತಾಗಿದ ಆರೆಗಾನ್‌ನ ಆಗ್ನೇಯ ಮೂಲೆ, ಐಡಹೋದ ಒವೈಹಿ ಸೀಮೆ. ಸಿದ್ಧಾಂತ: ಚಕೋರವು ಪಿಕಪ್ ವಾಹನಗಳ ಟೈರು ತಿಂದು ಬದುಕುತ್ತದೆ.

ಎಲ್ಲಿಯ ಚಕೋರ, ಎಲ್ಲಿಯ ನೆವಾಡ ಎಂದು ಹುಬ್ಬೇರಿಸುವವರಿಗೆ ಸ್ವಲ್ಪ ಚರಿತ್ರೆ. 1893ರಲ್ಲಿ ಅಂದಿನ ಹಿಂದೂಸ್ತಾನದ ಕರಾಚಿಯಿಂದ ಐದು ಜೋಡಿ ಚಕೋರಗಳು ಹಡಗೇರಿ ಇಲಿನಾಯ್ಸ್‌ಗೆ ಹೋದವು. ಆ ಸಮತಟ್ಟು ಮೆಕ್ಕೆಜೋಳದ ಸೀಮೆ ಅವಕ್ಕೆ ಹಿಡಿಸಲಿಲ್ಲ. ಮುಂದೆ ಪಶ್ಚಿಮದ ರಾಜ್ಯಗಳು ತಾವೂ ತರಿಸಿ, ಸಾಕಿ, ಬೆಟ್ಟಗಳಿಗೆ ಬಿಟ್ಟವು. ಒಣ ಹವೆ, ಕಡಿದಾದ ಬಂಡೆ, ಕರಿಕಲ್ಲಿನ ಜಾರುಗುಡ್ಡೆ ಕಂಡದ್ದೇ ತಡ, ಹಕ್ಕಿ ತವರಿಗೆ ಬಂದಂತೆ ನೆಲೆಯೂರಿತು. 1947ರಲ್ಲಿ ನೆವಾಡ ಸರ್ಕಾರ ಮೊದಲ ಚಕೋರ ಬೇಟೆಯ ಋತುವನ್ನು ಘೋಷಿಸಿತು. ಇಲ್ಲಿ ದೇಶ ಸ್ವತಂತ್ರವಾದ ವರ್ಷವೇ ಅಲ್ಲಿ ನಮ್ಮ ಹಕ್ಕಿಯ ಸ್ವಾತಂತ್ರ್ಯ ಹೋಯಿತೆಂದು ಮೇಲುನೋಟಕ್ಕೆ ತೋರುತ್ತದೆ. ಯಾರ ಸ್ವಾತಂತ್ರ್ಯ ಹೋಯಿತೆಂಬುದು ಮುಂದೆ ಸ್ಪಷ್ಟವಾಗಲಿದೆ.

ಪೂರ್ವಪಕ್ಷಗಳು ಎರಡು. ಮೊದಲನೆಯದು ಕವಿಗಳದು, ಬೆಳದಿಂಗಳು. ಇದನ್ನು ಖಂಡಿಸುವುದು ಸುಲಭ. ನೆವಾಡದಲ್ಲಿ ಊರುಗಳು ವಿರಳ, ದೀಪಗಳು ಇನ್ನೂ ವಿರಳ, ಬೆಳದಿಂಗಳು ಧಾರಾಳ. ಅಷ್ಟೇ ಸಾಕಾಗಿದ್ದರೆ ಹಕ್ಕಿ ಹೆದ್ದಾರಿಯ ಪಕ್ಕದಲ್ಲೇ ಸುಖವಾಗಿ ಕೂತು ಹೊಟ್ಟೆ ತುಂಬಿಸಿಕೊಳ್ಳಬಹುದಿತ್ತು. ಎರಡನೆಯದು ಜೀವಶಾಸ್ತ್ರಜ್ಞರದು. ಅವರು ಹಕ್ಕಿಯ ಗಂಟಲಚೀಲ ಬಿಡಿಸಿ ನೋಡಿ, ಚೀಟ್‌ಗ್ರಾಸ್ ಎಂಬ ಹುಲ್ಲಿನ ಬೀಜ, ಎಳೆ ಎಲೆ, ಬೇಸಿಗೆಯಲ್ಲಿ ಮಿಡತೆ ಎನ್ನುತ್ತಾರೆ. ಆ ಹುಲ್ಲೂ ಹೊರಗಿನಿಂದ ಬಂದದ್ದೇ. ಇದು ಸತ್ಯಕ್ಕೆ ಹತ್ತಿರ, ಆದರೆ ಪಲ್ಯವನ್ನು ನೋಡಿ ಊಟವೆಂದು ಬರೆದುಕೊಂಡಂತೆ.

ನಮ್ಮ ಪಕ್ಷಕ್ಕೆ ಪ್ರಮಾಣಗಳು ಗಟ್ಟಿಯಾಗಿವೆ. ಅನುಮಾನವನ್ನು ನೈಯಾಯಿಕರ ಕ್ರಮದಲ್ಲೇ ಮಂಡಿಸೋಣ. ಈ ಬೆಟ್ಟ ಟೈರುನಾಶಕ, ಇದು ಪ್ರತಿಜ್ಞೆ. ಚಕೋರವಿರುವುದರಿಂದ, ಇದು ಹೇತು. ಎಲ್ಲೆಲ್ಲಿ ಚಕೋರವೋ ಅಲ್ಲಲ್ಲಿ ಪಂಕ್ಚರು, ವಿನ್ನೆಮಕ್ಕದಿಂದ ಗೆರ್ಲಾಕ್‌ಗೆ ಹೋಗುವ ಸುಮಾರು 90 ಮೈಲಿಯ ಜಂಗೋ ಮಣ್ಣುರಸ್ತೆಯ ಹಾಗೆ, ಇದು ಉದಾಹರಣೆ. ಉಪನಯ, ನಿಗಮನಗಳನ್ನು ಓದುಗರು ಜಾಕ್ ಹಿಡಿದು ಕೂತಾಗ ತಾವೇ ಪೂರ್ತಿ ಮಾಡಿಕೊಳ್ಳಬಹುದು, ವೇಳೆ ಬೇಕಾದಷ್ಟು ಸಿಗುತ್ತದೆ.

ಇಲ್ಲೊಂದು ಶಂಕೆ. ಟೈರನ್ನು ಸೀಳುವುದು ಕಲ್ಲು. ಹಕ್ಕಿ ಅಲ್ಲಿ ಸುಮ್ಮನೆ ಇರುತ್ತದೆ ಅಷ್ಟೆ. ಅಗ್ನಿಪರ್ವತ ಕಾರಿದ ಕರಿಕಲ್ಲು, ಗಾಜಿನಂತೆ ಒಡೆಯುವ ಅಬ್ಸಿಡಿಯನ್ ಶಿಲೆ, ರಸ್ತೆ ಮಟ್ಟಮಾಡುವ ಗ್ರೇಡರ್ ಹೊಡೆದ ಮೇಲೆ ಅಲಗು ಮೇಲೆ ಮಾಡಿ ನಿಂತ ಜಲ್ಲಿ, ಇವೇ ಕಾರಣವೆಂದು ಭೂವಿಜ್ಞಾನಿಗಳು ಹೇಳಬಹುದು. ಸಮಾಧಾನ: ಹಕ್ಕಿಗೆ ಹಲ್ಲಿಲ್ಲ. ಈ ಜಾತಿಯ ಹಕ್ಕಿಗಳು ಸಣ್ಣ ಕಲ್ಲುಗಳನ್ನು ನುಂಗಿ, ಅರೆಚೀಲದಲ್ಲಿಟ್ಟುಕೊಂಡು, ಅವುಗಳಿಂದ ಕಾಳು ಅರೆಯುತ್ತವೆಂಬುದು ಎಲ್ಲರೂ ಒಪ್ಪಿದ ವಿಷಯ. ಕಲ್ಲಿನಿಂದ ಅಗಿಯುವುದು ಚಕೋರದ ಕುಲಧರ್ಮ. ಕಾಳು ಸಣ್ಣದಾದ್ದರಿಂದ ಹೊಟ್ಟೆಯೊಳಗೆ ಅರೆಯುತ್ತದೆ, ಟೈರು ದೊಡ್ಡದಾದ್ದರಿಂದ ಹೊರಗೆ. ಆ ಅಬ್ಸಿಡಿಯನ್ ಶಿಲೆಯಿಂದಲೇ ಹಿಂದೆ ಅಲ್ಲಿಯ ಮೂಲನಿವಾಸಿಗಳು ಬಾಣದ ಮೊನೆ ಕಡೆದು ಬೇಟೆಯಾಡುತ್ತಿದ್ದರು. ಈಗ ಆ ಶಿಲೆಯೇ ಬೇಟೆಗಾರರನ್ನು ಬೇಟೆಯಾಡುತ್ತಿದೆ. ರಸ್ತೆ ಮುಗಿದ ಮೇಲೆ ಹಕ್ಕಿ ಏನು ತಿನ್ನುತ್ತದೆ ಎಂಬ ಉಪಶಂಕೆಗೂ ಉತ್ತರವಿದೆ. ಆ ಕಲ್ಲುಗಳ ಮೇಲೆ ನಾಯಿಯ ಪಾದ ಕಿತ್ತುಹೋಗುವುದರಿಂದ ಚಕೋರ ಬೇಟೆಗಾರರು ನಾಯಿಗೆ ನಾಲ್ಕು ಬೂಟು ತೊಡಿಸುತ್ತಾರೆ. ಬೂಟು ರಬ್ಬರಿನದು. ಬೇಟೆಗಾರನ ಜೋಡಿನ ಅಟ್ಟೆಯೂ ರಬ್ಬರಿನದೇ. ವ್ಯಾಪ್ತಿ ಎಲ್ಲೂ ತಪ್ಪುವುದಿಲ್ಲ.

ಆಹಾರ ನಿರ್ಣಯವಾಯಿತು. ಇನ್ನು ಆಹಾರದ ರಕ್ಷಣೆ.

ಟೈರಿನ ಪಕ್ಕೆಯ ಮೇಲಿನ ಬರಹವನ್ನು ಶಾಸನವೆಂದೇ ಭಾವಿಸಿ ಓದತಕ್ಕದ್ದು. ಮಾದರಿಗೆ: ‘ಎಲ್‌ಟಿ 265/70 ಆರ್ 17, 121/118 ಎಸ್’. ಇದರಲ್ಲಿ 265 ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 70. 17 ಎಂಬುದು ರಿಮ್ಮಿನ ವ್ಯಾಸ, ಅದು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಕೂರಿಸಿ ಛಂದಸ್ಸು ಕೆಡದಂತೆ ನೋಡಿಕೊಂಡ ಲಿಪಿಕಾರನಿಗೆ ನಮೋನಮಃ. 121 ಎಂದರೆ ಒಂಟಿಯಾಗಿ ಹಾಕಿದಾಗ 1450 ಕಿಲೋ ಹೊರುತ್ತದೆ, 118 ಎಂದರೆ ಜೋಡಿಚಕ್ರದಲ್ಲಿ ತಲಾ 1320. ಎಸ್ ಎಂಬುದು ಗಂಟೆಗೆ 180 ಕಿಲೋಮೀಟರಿನ ವೇಗಮಿತಿ. ಚಕೋರಮಾರ್ಗದಲ್ಲಿ ಈ ಅಕ್ಷರಕ್ಕೆ ಅಲಂಕಾರಮಾತ್ರ ಪ್ರಯೋಜನ.

ಆರಂಭದ ‘ಎಲ್‌ಟಿ’ ಮಾತ್ರ ಬೀಜಾಕ್ಷರ. ಲಘು ಟ್ರಕ್ಕಿಗೆಂದೇ ಕಟ್ಟಿದ ಟೈರು ಎಂದರ್ಥ. ಷೋರೂಮಿನಿಂದ ಹೊರಬರುವ ಎಷ್ಟೋ ಪಿಕಪ್ಪುಗಳ ಕಾಲಿಗೆ ಇದೇ ಅಳತೆಯ ಪ್ರಯಾಣಿಕ ವರ್ಗದ ಟೈರು ಇರುತ್ತದೆ. ಅದರ ಭಾರಸೂಚಿ 115 ಆಗಿದ್ದರೆ 1215 ಕಿಲೋ, ಅದನ್ನೂ ಟ್ರಕ್ಕಿಗೆ ಹಾಕಿದ ತಪ್ಪಿಗೆ 1.1ರಿಂದ ಭಾಗಿಸಬೇಕು. ಎರಡೂ ಕರ್ರಗಿವೆ, ಎರಡೂ ದುಂಡಗಿವೆ. ಪ್ರತ್ಯಕ್ಷ ಪ್ರಮಾಣವನ್ನು ಪೂರ್ತಿ ನಂಬಬಾರದೆಂದು ವೇದಾಂತಿಗಳು ಹೇಳಿದ್ದು ಇದಕ್ಕೇ ಇರಬೇಕು.

ಕಾಲನಿರ್ಣಯದಲ್ಲಿ ಟೈರು ನಮ್ಮ ಶಾಸನಗಳಿಗಿಂತ ಮುಂದಿದೆ. ಹಲ್ಮಿಡಿ ಶಾಸನದ ಮೇಲೆ ಕಾಲ ನಮೂದಿಲ್ಲದೆ ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಟೈರಿನಲ್ಲಿ ‘ಡಾಟ್’ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ ನೋಡಿದರೆ ಸಾಕು: 3519 ಎಂದಿದ್ದರೆ 2019ನೆಯ ಇಸವಿಯ 35ನೆಯ ವಾರ. 2000ಕ್ಕೆ ಮುಂಚಿನವಕ್ಕೆ ಮೂರೇ ಅಂಕೆ. ಅಂಥ ಟೈರು ಇನ್ನೂ ಗಾಡಿಯಲ್ಲಿದ್ದರೆ ಅದನ್ನು ಪುರಾತತ್ವ ಇಲಾಖೆಗೆ ಒಪ್ಪಿಸತಕ್ಕದ್ದು. ತೊಂದರೆ ಒಂದೇ. ಪೂರ್ಣ ಪಾಠ ಟೈರಿನ ಒಂದು ಮಗ್ಗುಲಲ್ಲಿ ಇದ್ದರೆ ಸಾಕೆಂಬುದು ಕಾನೂನು. ಆ ಮಗ್ಗುಲು ಒಳಮುಖವಾಗಿದ್ದರೆ ಸಂಶೋಧಕನು ಟಾರ್ಚು ಹಿಡಿದು ಗಾಡಿಯ ಅಡಿಗೆ ಅಂಗಾತ ತೆವಳಬೇಕು. ಟೈರಿನ ಮುಖದ ಬಟನ್ನು ಎಷ್ಟೇ ಉಳಿದಿರಲಿ, ಆರು ವರ್ಷಕ್ಕೆ ಬದಲಿಸಿ ಎಂದು ಅನೇಕ ವಾಹನ ತಯಾರಕರು ಹೇಳುತ್ತಾರೆ. ಟೈರು ತಯಾರಕರಲ್ಲಿ ಕೆಲವರು ಹತ್ತರವರೆಗೆ ಬಿಡುತ್ತಾರೆ. ಟೈರು ಮಾರುವವರಿಗಿಂತ ಗಾಡಿ ಮಾರುವವರು ಹೆಚ್ಚು ಅವಸರಪಡುವುದು ಲೋಕದ ಅಚ್ಚರಿಗಳಲ್ಲೊಂದು.

ಈಗ ಮಾಯಾವಾದ. ಬೇಟೆಗಾರರ ಸಭೆಯಲ್ಲಿ ‘ನನ್ನದು ಹತ್ತು ಪ್ಲೈ’ ಎಂದು ಒಬ್ಬ ಹೇಳಿದರೆ ಉಳಿದವರು ತಲೆಬಾಗುವುದು ವಾಡಿಕೆ. ಆತನ ಟೈರನ್ನು ಕೊಯ್ದು ನೋಡಿದರೆ ಹತ್ತು ಪದರ ಸಿಗುವುದಿಲ್ಲ. ಪಕ್ಕೆಯಲ್ಲಿ ಪಾಲಿಯೆಸ್ಟರಿನ ಎರಡು ಪದರ, ಧಾರಾಳಿಗಳಲ್ಲಿ ಮೂರು. ಟೈರಿನ ಮೇಲೇ ಸಣ್ಣಕ್ಷರದಲ್ಲಿ ಈ ಸತ್ಯವನ್ನು ಕೆತ್ತಿದ್ದಾರೆ, ಓದುವವರಿಲ್ಲ. ಹಿಂದೆ ಹತ್ತಿನೂಲಿನ ಪದರಗಳಿಂದ ಟೈರು ಕಟ್ಟುವ ಕಾಲದಲ್ಲಿ ಹತ್ತು ಪದರ ಎಷ್ಟು ಗಟ್ಟಿಯೋ ಈಗಿನದು ಅಷ್ಟು ಗಟ್ಟಿ ಎಂದು ಅಳೆಯಲು ಉಳಿಸಿಕೊಂಡ ಲೆಕ್ಕವದು. ‘ಸಿ’ ಶ್ರೇಣಿಗೆ ಆರು, ‘ಡಿ’ಗೆ ಎಂಟು, ‘ಇ’ಗೆ ಹತ್ತು. ಅಕ್ಷರ ಒಂದೊಂದು ಮುಂದೆ ಹೋದಂತೆ ಇಲ್ಲದ ಪದರ ಎರಡೆರಡು ಹೆಚ್ಚುತ್ತವೆ. ಅಂದರೆ ಹತ್ತು ಪದರ ಇದೆಯೆನ್ನುವಂತಿಲ್ಲ, ಏಕೆಂದರೆ ಕೊಯ್ದರೆ ಕಾಣದು. ಇಲ್ಲವೆನ್ನುವಂತಿಲ್ಲ, ಏಕೆಂದರೆ ಭಾರ ಹೊರುತ್ತದೆ. ಸದಸದ್ವಿಲಕ್ಷಣವಾದ ಅನಿರ್ವಚನೀಯ ವಸ್ತುವಿಗೆ ಹಗ್ಗ ಹಾವುಗಳ ದೃಷ್ಟಾಂತ ಹಳತಾಯಿತು. ಇನ್ನು ಮುಂದೆ ಪಾಠಶಾಲೆಗಳಲ್ಲಿ ‘ಇ’ ಶ್ರೇಣಿಯ ಟೈರನ್ನೇ ಇಡಬಹುದು.

ಮತಭೇದಗಳನ್ನು ಬೇಗ ಮುಗಿಸುತ್ತೇನೆ, ಇವುಗಳ ಮೇಲೆ ಈಗಾಗಲೇ ಬೇಕಾದಷ್ಟು ಗಂಟಲು ಹರಿದಿದೆ. ಹೆದ್ದಾರಿ ಟೈರಿನವರು ಸಂಸಾರಿಗಳು. ಕೆಸರು ಟೈರಿನವರು ಉಗ್ರಸಾಧಕರು. ಅವರ ದಪ್ಪ ಬಟನ್ನುಗಳು ಡಾಂಬರಿನ ಮೇಲೆ ಎಬ್ಬಿಸುವ ಗುಂಯ್‌ಗಾನದಲ್ಲಿ ಪಕ್ಕದವರ ಮಾತು ಕೇಳದು, ಮಂಜುಗಟ್ಟಿದ ರಸ್ತೆಯಲ್ಲಿ ಹಿಡಿತವೂ ಸಾಲದು. ಮಧ್ಯದವರು ಆಲ್-ಟೆರೇನ್ ಸಮನ್ವಯವಾದಿಗಳು. ಮೂರು ಶಿಖರಗಳ ನಡುವೆ ಹಿಮದ ಹರಳಿನ ಮುದ್ರೆ ಒತ್ತಿಸಿಕೊಂಡ, ಪಕ್ಕೆ ಗಟ್ಟಿಯಿರುವ ಸಮನ್ವಯ ಟೈರೇ ಚಕೋರಸೀಮೆಗೆ ಸಾಕೆಂಬುದು ನನ್ನ ಪಕ್ಷ. ಅಲ್ಲಿಯ ಶತ್ರು ಕಲ್ಲು, ಕೆಸರಲ್ಲ. ಹಾಗೂ ಕೆಸರಾಯಿತೆನ್ನಿ, ಮಳೆ ಕುಡಿದ ಒಣಕೆರೆಯ ಜೇಡಿಗೆ ಯಾವ ಮತದ ಟೈರೂ ಒಂದೇ; ಎರಡು ಸುತ್ತಿನಲ್ಲಿ ಬಟನ್ನಿನ ಸಂದು ಮೆತ್ತಿಕೊಂಡು ಎಲ್ಲ ಬೋಳಾಗುತ್ತವೆ. ರಾತ್ರಿ ಅಲ್ಲೇ ಮಲಗಿ, ನೆಲ ಹೆಪ್ಪುಗಟ್ಟಿದ ಮೇಲೆ ಬೆಳಗಿನ ಜಾವ ಹೊರಟುಬರುವುದೇ ಶಾಸ್ತ್ರಸಮ್ಮತ.

ಬಟನ್ನಿನ ಆಳ ಅಳೆಯಲು ಅಮೆರಿಕನ್ನರು ಒಂದು ಸೆಂಟಿನ ನಾಣ್ಯವನ್ನು ಲಿಂಕನ್ನರ ತಲೆ ಕೆಳಗಾಗುವಂತೆ ಸಂದಿಗೆ ತೂರಿಸುತ್ತಾರೆ. ತಲೆ ಪೂರ್ತಿ ಕಂಡರೆ ಉಳಿದದ್ದು ಇಂಚಿನ 32ರಲ್ಲಿ ಎರಡು ಪಾಲೂ ಇಲ್ಲ, ಟೈರು ಮುಗಿಯಿತು. 2025ರ ನವೆಂಬರಿನಲ್ಲಿ ಟಂಕಸಾಲೆ ಚಲಾವಣೆಗೆಂದು ಆ ನಾಣ್ಯ ಅಚ್ಚುಹಾಕುವುದನ್ನೇ ನಿಲ್ಲಿಸಿತು. ಒಂದು ಶಾಸ್ತ್ರದ ಮಾಪನೋಪಕರಣಕ್ಕೆ ಖಜಾನೆಯೇ ಕೈಕೊಟ್ಟ ಪ್ರಸಂಗವಿದು. ಚಿಂತೆಯಿಲ್ಲ. 25 ಸೆಂಟಿನ ವಾಷಿಂಗ್ಟನ್ನರು ನಾಲ್ಕು ಪಾಲು ಅಳೆಯುತ್ತಾರೆ, ಬೆಟ್ಟಕ್ಕೆ ಅವರೇ ವಾಸಿ.

ಗಾಳಿ. ‘ಇ’ ಶ್ರೇಣಿಯ ಟೈರಿನ ಮೇಲೆ ಕೆತ್ತಿರುವ ಚದರ ಇಂಚಿಗೆ 80 ಪೌಂಡು ಗರಿಷ್ಠ ಭಾರ ಹೊರುವಾಗಿನ ಒತ್ತಡ, ಯಾವಾಗಲೂ ತುಂಬಬೇಕಾದ ಪ್ರಮಾಣವಲ್ಲ. ಚಾಲಕನ ಬಾಗಿಲ ಅಂಚಿನ ಚೀಟಿಯ ಅಂಕಿ ಕಾರ್ಖಾನೆ ಹಾಕಿದ ಟೈರಿಗೆ. ಪ್ರಯಾಣಿಕ ವರ್ಗವನ್ನು ತೆಗೆದು ಎಲ್‌ಟಿ ಹಾಕಿದರೆ ಅದೇ ಭಾರಕ್ಕೆ ಇನ್ನಷ್ಟು ಬೇಕು. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿಗೆ ಸುಮಾರು ಒಂದು ಪೌಂಡು ತಾನಾಗಿ ಇಳಿಯುತ್ತದೆ. ರೀನೋ ನಗರದ ಮಧ್ಯಾಹ್ನ 70 ಡಿಗ್ರಿಯಲ್ಲಿ ನೋಡಿ ಹೊರಟವನಿಗೆ ಬೆಟ್ಟದ ಬೆಳಗಿನ 20 ಡಿಗ್ರಿಯಲ್ಲಿ ಐದು ಪೌಂಡು ಖೋತಾ. 2008ರ ಮಾದರಿಯಿಂದ ಗಾಳಿ ಎಚ್ಚರಿಕೆಯ ದೀಪ ಕಡ್ಡಾಯವಾಗಿದೆ ನಿಜ, ಆದರೆ ಕಾಲುಪಾಲು ಇಳಿದ ಮೇಲೆ ಉರಿದರೂ ಕಾನೂನು ಒಪ್ಪುತ್ತದೆ. ಇನ್ನು ಕಲ್ಲುಹಾದಿ ಸೇರಿದ ಮೇಲೆ ಬೇಕೆಂದೇ ಗಾಳಿ ಇಳಿಸುವ ಪದ್ಧತಿ: 40 ಇದ್ದದ್ದನ್ನು 25ರ ಸುಮಾರಿಗೆ. ಬಿಗಿದ ಟೈರು ಕಲ್ಲಿಗೆ ಎದೆಯೊಡ್ಡಿ ಸೀಳುತ್ತದೆ, ಸಡಿಲ ಟೈರು ಕಲ್ಲನ್ನು ತಬ್ಬಿ ದಾಟುತ್ತದೆ. ಹಾಗೆಂದು ಹೊಟ್ಟೆ ತೀರ ಜೋತರೆ ಪಕ್ಕೆ ಹೊರಬಂದು ಅಲಗಿಗೆ ಸಿಗುತ್ತದೆ. ಗಾಳಿ ಇಳಿಸಿದವನು ವೇಗವನ್ನೂ ಇಳಿಸಬೇಕು. ಮರಳಿ ಡಾಂಬರು ಸೇರುವ ಮುಂಚೆ ತುಂಬಲು ಕಂಪ್ರೆಸರು ಬೇಕು. ಅದನ್ನು ಮರೆತವನು 60 ಮೈಲಿಯನ್ನು ಶವಯಾತ್ರೆಯ ಗತಿಯಲ್ಲಿ ಕ್ರಮಿಸುವುದನ್ನು ನೋಡಿದರೆ ಚಕೋರಕ್ಕೂ ಅಜೀರ್ಣವಾದೀತು.

ಇಷ್ಟೆಲ್ಲ ಮಾಡಿದ ಪಂಡಿತರೂ ಎಡವುವುದು ಸ್ಟೆಪ್ನಿಯಲ್ಲಿ. ಅದು ಗಾಡಿಯ ಹಿಂಭಾಗದ ಅಡಿಯಲ್ಲಿ ಬಾವಲಿಯಂತೆ ನೇತುಬಿದ್ದಿರುತ್ತದೆ. ಮೇಲಿನ ನಾಲ್ಕಕ್ಕೆ ದುಬಾರಿ ಟೈರು ಕೊಂಡವನು ಇದಕ್ಕೆ ಷೋರೂಮಿನ ಹಳೆಯದನ್ನೇ ಬಿಟ್ಟಿರುತ್ತಾನೆ. ಎಚ್ಚರಿಕೆಯ ದೀಪಕ್ಕೆ ಇದರ ಪರಿಚಯ ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ಇಳಿಸುವ ರಾಟೆಯ ಕೇಬಲ್ಲು ಉಪ್ಪುಧೂಳಿಗೆ ತುಕ್ಕು ಹಿಡಿದು ತಿರುಗುವುದಿಲ್ಲ. ತಿರುಗಿಸುವ ಸಲಾಕೆ ಹಿಂಸೀಟಿನ ಅಡಿಯಲ್ಲಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಕಳ್ಳರಿಗೆಂದು ಹಾಕಿಸಿದ ಬೀಗದ ನಟ್ಟಿಗೆ ಬೇರೆ ಕೀಲಿ ಇರುತ್ತದೆ, ಅದು ಗ್ಯಾರೇಜಿನ ಮೇಜಿನ ಮೇಲೆ ಸುರಕ್ಷಿತವಾಗಿರುತ್ತದೆ. ಆದಕಾರಣ ವಿಧಿ: ಹೊರಡುವ ವಾರದಲ್ಲಿ ಮನೆಯ ಮುಂದೆಯೇ ಸ್ಟೆಪ್ನಿ ಇಳಿಸಿ, ಗಾಳಿ ನೋಡಿ, ಒಂದು ಚಕ್ರ ಬಿಚ್ಚಿ ಹಾಕಿ, ಮತ್ತೆ ಏರಿಸತಕ್ಕದ್ದು. ಜಾಕಿನ ಅಡಿಗೆ ಒಂದು ದಪ್ಪ ಹಲಗೆ ಇರಲಿ. ಟೈರಿನ ಮುಖಕ್ಕೆ ತೂತಾದರೆ ಅಂಟುಹುರಿ ತುರುಕುವ ಸಾಮಾನು ಸಾಕು, ಪಕ್ಕೆ ಸೀಳಿದರೆ ಹುರಿಯ ಕೆಲಸವಲ್ಲ. ಚಕೋರಕ್ಕೆ ಪಕ್ಕೆಯೇ ಹೆಚ್ಚು ರುಚಿ.

ಕೊನೆಯ ವಾದ ಸ್ಟೆಪ್ನಿಯ ಸಂಖ್ಯೆಯದು. ಒಂದು ಸಾಕೆಂಬುವರು ಹೆದ್ದಾರಿಯವರು. ಮೊದಲ ಪಂಕ್ಚರಾದ ಮೇಲೆ ಉಳಿದ ದಾರಿಗೆ ಸ್ಟೆಪ್ನಿ ಇಲ್ಲದಂತಾಗುತ್ತದಾದ್ದರಿಂದ ಎರಡು ಬೇಕು. ಹಾಗಾದರೆ ಎರಡನೆಯದು ಹೋದ ಮೇಲೆ ಮೂರನೆಯದು, ಅದಕ್ಕೆ ನಾಲ್ಕನೆಯದು ಎಂದು ಅನವಸ್ಥಾದೋಷ ಬರುವುದಲ್ಲ ಎಂದು ಕೇಳಿದರೆ, ಬರುವುದಿಲ್ಲ. ಮೂರನೆಯದಕ್ಕೆ ಜಾಗ ಮಾಡಬೇಕಾದರೆ ನಾಯಿಯ ಪೆಟ್ಟಿಗೆಯನ್ನು ಇಳಿಸಬೇಕು. ನಾಯಿಯಿಲ್ಲದೆ ಹಕ್ಕಿ ಸಿಗುವುದು ಕಷ್ಟ. ಹಕ್ಕಿ ಸಿಗದಿದ್ದರೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಹೋಗದಿದ್ದರೆ ಒಂದು ಸ್ಟೆಪ್ನಿಯೂ ಬೇಡ. ಆದ್ದರಿಂದ ಎರಡು.