ಷರತ್ತುಗಳು ಅನ್ವಯ: ಚುಕ್ಕಿಯವರ ಜೊತೆ ಮಾತುಕತೆ

ಕಲಂಗುಟ್ ಪೇಟೆಯಿಂದ ಬಾಗಾ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಫ್ಲೆಕ್ಸ್ ನಿಂತಿದೆ. 'ಅನ್‌ಲಿಮಿಟೆಡ್ ಇಂಟರ್‌ನೆಟ್! 100 ಎಂಬಿಪಿಎಸ್ ವರೆಗೆ*, ತಿಂಗಳಿಗೆ ಬರೀ ₹499*.' ಚುಕ್ಕಿಯ ವಿವರಣೆ ಇರುವುದು ತೀರಾ ಕೆಳಗಿನ ಅಂಚಿನಲ್ಲಿ. ಅದರ ಮುಂದೆ ಬಾಡಿಗೆ ಸ್ಕೂಟರ್‌ಗಳನ್ನು ಸಾಲಾಗಿ ನಿಲ್ಲಿಸುವುದರಿಂದ, ಅಷ್ಟೂ ಸ್ಕೂಟರ್ ಬಾಡಿಗೆಗೆ ಹೋದ ದಿನ ಮಾತ್ರ ಅದು ಓದಲು ಸಿಗುತ್ತದೆ. ಕಂಪನಿಯ ಹೆಸರು ಬೇಡ. ಇಂಥದೊಂದು ಫ್ಲೆಕ್ಸ್ ಊರೂರಿಗೂ ಇದೆ. 100ರ ಹೆಗಲೇರಿ ಕೂತ ಚುಕ್ಕಿಯವರು ಮಾತಿಗೆ ಸಿಕ್ಕರು. ಬೆಳಗಾವಿಯ ಪ್ರಿಂಟಿಂಗ್ ಅಂಗಡಿಯಲ್ಲಿ ಹುಟ್ಟಿ ಚೋರ್ಲಾ ಘಾಟ್ ಇಳಿದು ಬಂದವರಾದ್ದರಿಂದ ಭಾಷೆಯ ತೊಂದರೆ ಆಗಲಿಲ್ಲ.

ನಾನು: ನಿಮ್ಮಿಂದಾಗಿ ಜನ ಮೋಸ ಹೋಗುತ್ತಿದ್ದಾರೆ ಎಂಬ ದೂರಿದೆ.

ಚುಕ್ಕಿ: ಏನ್ ಮಾತ್ರೀ ಇದು! ಈ ಇಡೀ ಬೋರ್ಡಿನ್ಯಾಗ ಖರೇ ಹೇಳಾಂವ ನಾ ಒಬ್ಬನ. ನೂರು ಎದಿ ಉಬ್ಬಿಸಿ ನಿಂತೈತಿ. 'ಪೂರ್ತಿ ನಂಬಬ್ಯಾಡ್ರಿ' ಅಂತ ನಾ ಬಾಜೂಕ ನಿಂತು ಕಣ್ಣು ಹೊಡಿಯಾಕತ್ತೀನಿ. ನೋಡೋರಿಲ್ಲ ಅಂದ್ರ ನನ್ನ ತಪ್ಪೇನ್ರಿ?

ನಾನು: ಹಾಗಾದರೆ 100 ಎಂದರೆ ನಿಜಕ್ಕೂ ಎಷ್ಟು?

ಚುಕ್ಕಿ: ಮೊದಲ ಅದು ಮೆಗಾಬಿಟ್. ನಿಮ್ಮ ಫೋನಿನ್ಯಾಗ ಫೈಲಿನ ಲೆಕ್ಕ ಇರೋದು ಮೆಗಾಬೈಟಿನ್ಯಾಗ. ಎಂಟು ಬಿಟ್ ಕೂಡಿದ್ರ ಒಂದು ಬೈಟ್. ಅಂದ್ರ ಎಲ್ಲಾ ಛಲೋ ಇದ್ದಾಗ ಸೆಕೆಂಡಿಗೆ ಹನ್ನೆರಡೂವರಿ. ಒಂದು ಜಿಬಿ ಸಿನಿಮಾ 80 ಸೆಕೆಂಡಿಗೆ ಇಳೀಬೇಕು.

ನಾನು: ಇಳಿಯುತ್ತದೆಯೇ?

ಚುಕ್ಕಿ: ಬೆಳಗಿನ ನಾಕಕ್ಕ ಎದ್ದು ನೋಡ್ರಿ, ಇಳೀತದ.

ನಾನು: ರಾತ್ರಿ ಒಂಬತ್ತಕ್ಕೆ?

ಚುಕ್ಕಿ: (ನಗು) ಒಂಬತ್ತಕ್ಕ ಬೆಂಗಳೂರಿನ ಸಾಹೇಬ್ರು ಬೀಚಿಂದ ರೂಮಿಗೆ ಬಂದು ಮ್ಯಾಚ್ ಹಚ್ಚತಾರ. ಅವರ ಮಕ್ಕಳು ರೀಲ್ಸ್ ನೋಡ್ತಾವ. ಅಡಗಿಮನಿ ಹುಡುಗ ವಿಜಯಪುರದಾಗಿರೋ ಅವ್ವಗ ವಿಡಿಯೊ ಕಾಲ್ ಮಾಡ್ತಾನ. ಟಾಂಕಿ ಒಂದ, ನಳ ಐವತ್ತು. ಕಂಪನಿ ಮಾರೋದು ನಳದ ಬಾಯಿ ಅಳತಿ. ಟಾಂಕಿ ಎಷ್ಟು ದೊಡ್ಡದು ಅಂತ ಯಾವ ಬೋರ್ಡಿನ್ಯಾಗೂ ಬರಿಯೂದಿಲ್ಲ.

ನಾನು: ಐವತ್ತು ಎಂಬುದು ಸ್ವಲ್ಪ ಜಾಸ್ತಿಯಾಯಿತಲ್ಲವೇ?

ಚುಕ್ಕಿ: ಟ್ರಾಯ್‌ದವರ 2009ರ ಮಾರ್ಗಸೂಚಿ ತಗದು ನೋಡ್ರಿ. ಮನಿ ಬ್ರಾಡ್‌ಬ್ಯಾಂಡ್ ಒಂದಕ್ಕ ಐವತ್ತು, ವ್ಯಾಪಾರದ್ದು ಒಂದಕ್ಕ ಮೂವತ್ತರ ತನಕ ಹಂಚಬಹುದು ಅಂತ ಐತಿ. ಐವತ್ತೂ ಮಂದಿ ಒಮ್ಮೆಲೇ ಕೂತ್ರ ತಲಿಗೆ 2 ಎಂಬಿಪಿಎಸ್. 80 ಸೆಕೆಂಡಿನ ಸಿನಿಮಾಕ್ಕ ಒಂದು ತಾಸಿನ ಮ್ಯಾಲ ಹಿಡೀತದ.

ನಾನು: ಅದನ್ನೂ ಬ್ರಾಡ್‌ಬ್ಯಾಂಡ್ ಎನ್ನಬಹುದೇ?

ಚುಕ್ಕಿ: ಧಾರಾಳ! 2004ರಾಗ 256 ಕೆಬಿಪಿಎಸ್ ಇದ್ರ ಬ್ರಾಡ್‌ಬ್ಯಾಂಡ್ ಅಂತಿದ್ರು. 2013ಕ್ಕ 512 ಆತು. 2023ರ ಜನವರಿಗೆ 2 ಎಂಬಿಪಿಎಸ್ ಮಾಡಿದ್ರು. ಲೆಕ್ಕ ಬರೋಬ್ಬರಿ ಕೂತೈತಿ ನೋಡ್ರಿ.

ನಾನು: ಅಂದರೆ ಹಂಚುವುದೇ ಮೋಸ.

ಚುಕ್ಕಿ: ಹಂಗನಬ್ಯಾಡ್ರಿ. ಯಾರಿಗೂ ಹಂಚದ ಲೀಸ್ಡ್ ಲೈನ್ ಬೇಕಂದ್ರೂ ಸಿಗತದ. ಬಿಲ್ ನೋಡಿದ್ರ ಮನಿ ಮಂದಿ ನಿಮ್ಮ ಜೋಡಿ ಮಾತು ಬಿಡ್ತಾರ. ಹಂಚಿದ್ದಕ್ಕನ ನಿಮಗ ಸೋವಿ ಬಿದ್ದೈತಿ. ಎಷ್ಟು ಮಂದಿಗೆ ಹಂಚೀವಿ, ರಾತ್ರಿ ಒಂಬತ್ತಕ್ಕ ಎಷ್ಟು ಬರ್ತದ, ಇಷ್ಟು ಬರದುಬಿಟ್ರ ನಾ ಊರಿಗೆ ಹೊಕ್ಕೀನಿ. ಬ್ರಿಟನ್‌ದಾಗ ನಮ್ಮ ಮಂದಿಗೆ ಇಂಥಾ ಹೊಡತ ಬಿತ್ತು. ಮೊದಲ ಅಲ್ಲಿ ನೂರಕ್ಕ ಹತ್ತು ಗಿರಾಕಿಗೆ ಸಿಕ್ರ ಸಾಕಿತ್ತು, 'ವರೆಗೆ' ಅಂತ ಹಾಕ್ತಿದ್ರು. 2018ರ ಮೇ ತಿಂಗಳಿಂದ, ರಾತ್ರಿ ಎಂಟರಿಂದ ಹತ್ತರೊಳಗ ಅರ್ಧಕ್ಕರ್ಧ ಗಿರಾಕಿಗೆ ಸಿಗೋ ವೇಗನ ಹೇಳಬೇಕು ಅಂತ ಆತು. ಅದ ತಂತಿ, ಅದ ಮಂದಿ. ಬೋರ್ಡಿನ್ಯಾಗ 17 ಇದ್ದದ್ದು ಸಪ್ಪಳಿಲ್ಲದ 10, 11ಕ್ಕ ಇಳೀತು.

ನಾನು: ನಮ್ಮಲ್ಲಿ ನಿಯಮವಿಲ್ಲವೇ?

ಚುಕ್ಕಿ: ಐತಲ್ರಿ. ದಾರಿ ತಪ್ಪಿಸೋ ಜಾಹೀರಾತಿನ ಬಗ್ಗೆ 2022ರ ಜೂನ್‌ದಾಗ ಮಾರ್ಗಸೂಚಿ ಬಂತು. ಟಿಪ್ಪಣಿಯಾಗ ಮುಖ್ಯ ಸಂಗತಿ ಮುಚ್ಚಿಡಬಾರದು, ಮ್ಯಾಲಿನ ಮಾತು ಯಾವ ಫಾಂಟಿನ್ಯಾಗ ಐತೋ ಕೆಳಗಿಂದೂ ಅದ ಫಾಂಟಿನ್ಯಾಗ ಇರಬೇಕು ಅಂತ. ಬಗ್ಗಿ ನೋಡ್ರಿ, ಫಾಂಟ್ ಅದ ಐತಿ. ಸೈಜ್ ಮಾತ್ರ ಕೇಳಬ್ಯಾಡ್ರಿ.

(ಬಗ್ಗಿ ನೋಡಿದೆ. ಎರಡು ಸ್ಕೂಟರ್‌ಗಳ ಸಂದಿಯಲ್ಲಿ 'ಜಿಎಸ್‌ಟಿ ಪ್ರತ್ಯೇಕ. 3300 ಜಿಬಿ ನಂತರ 2 ಎಂಬಿ...' ಎಂಬಷ್ಟು ಕಂಡಿತು. ಉಳಿದದ್ದು ಚಕ್ರದ ಹಿಂದೆ. 18% ಸೇರಿಸಿದರೆ ₹499 ಹೋಗಿ ₹589 ಆಗುತ್ತದೆ.)

ನಾನು: ಅನ್‌ಲಿಮಿಟೆಡ್‌ಗೂ 3300ರ ಬೇಲಿಯೇ?

ಚುಕ್ಕಿ: ಸಂಸಾರಸ್ಥರಿಗೆ ಅದು ಮುಗಿಯಂಗಿಲ್ಲ ಬಿಡ್ರಿ, ದಿನಕ್ಕ 110 ಜಿಬಿ ಆತು. ಮುಗಸಾಂವ ಎದುರಿನ ಗೆಸ್ಟ್ ಹೌಸ್‌ನಾಂವ. ಮನಿ ಪ್ಲಾನ್ ತಗೊಂಡು ಹನ್ನೆರಡು ಖೋಲಿಗೆ ಹಂಚಿ, 'ಫ್ರೀ ಹೈಸ್ಪೀಡ್ ವೈಫೈ' ಅಂತ ಬೋರ್ಡ್ ಬರಸ್ಯಾನ. ಅದರ ಮ್ಯಾಲ ನಮ್ಮ ಪೈಕಿ ಒಬ್ಬಾಂವನೂ ಇಲ್ಲ! ನನಗ ಬೈಯೋರು ಅಂವನ್ನ ಯಾಕ ಕೇಳಂಗಿಲ್ಲ?

ನಾನು: ಕೊನೆಯದಾಗಿ ಒಂದು ಪ್ರಶ್ನೆ...

ಚುಕ್ಕಿ: ತಡೀರಿ, ನಾ ಒಂದು ಕೇಳ್ತೀನಿ. ಇಷ್ಟೊತ್ತು ಬಿಸಿಲಾಗ ನಿಂತೀರಿ, ಪತ್ರಿಕೆಯವ್ರು ಇದಕ್ಕ ಎಷ್ಟು ಕೊಡ್ತಾರ?

ನಾನು: ಒಂದು ಸಾವಿರದವರೆಗೆ ಎಂದಿದ್ದಾರೆ.

ಚುಕ್ಕಿ: ಅವರ ಪತ್ರದ ಬುಡಕ್ಕ ನೋಡಿದ್ರ್ಯಾ? ನಮ್ಮ ತಮ್ಮ ಇರಬೇಕಲ್ಲಿ.