ಕೊಟ್ಟದ್ದು ಪಂಚೆ, ಬಂದದ್ದು ಷರತ್ತು

ಮಾನ್ಯ ಜನರಲ್ ಮ್ಯಾನೇಜರ್ ಅವರಿಗೆ,

ಮದುವೆಗೆಂದು ಬಂದು ತಮ್ಮ ಹೋಟೆಲಿನಲ್ಲಿ ತಂಗಿದ್ದೆ. ಲಾಂಡ್ರಿಗೆ ಕೊಟ್ಟ ಮೇಲುಕೋಟೆ ಪಂಚೆ ವಾಪಸ್ ಬರಲಿಲ್ಲ. ಅದರ ಬದಲು ಯಾರದೋ ಬರ್ಮುಡಾ ಇಸ್ತ್ರಿ ಹೊಡೆಸಿಕೊಂಡು ಠೀವಿಯಿಂದ ಕೋಣೆಗೆ ಬಂತು. ಜಗಳಕ್ಕೆಂದೇ ಕೆಳಗಿಳಿದೆ. ಆದರೆ ತಮ್ಮ ಸಿಬ್ಬಂದಿ ತೋರಿಸಿದ ಲಾಂಡ್ರಿ ಫಾರ್ಮಿನ ಹಿಂಬದಿ ಓದಿದ ಮೇಲೆ ಅಭಿನಂದಿಸದೆ ಇರಲಾರೆ.

ಎಣಿಕೆಯಲ್ಲಿ ವ್ಯತ್ಯಾಸ ಬಂದರೆ ಹೋಟೆಲಿನ ಎಣಿಕೆಯೇ ಅಂತಿಮ. ಗುಂಡಿ ಕಿತ್ತರೆ, ಬಣ್ಣ ಬಿಟ್ಟರೆ, ಬಟ್ಟೆ ಕುಗ್ಗಿದರೆ ಹೊಣೆಯಿಲ್ಲ. ಕಳೆದೇ ಹೋದರೆ ಒಗೆತದ ದರದ ಹತ್ತು ಪಟ್ಟು ಮಾತ್ರ. ಇಷ್ಟನ್ನೂ ಸಾಸಿವೆ ಗಾತ್ರದ ಅಕ್ಷರದಲ್ಲಿ ಅಡಗಿಸಿದ ಮಹಾನುಭಾವರಿಗೆ ಶರಣು.

ತಮ್ಮ ದರಪಟ್ಟಿಯಲ್ಲಿ ಟಕ್ಸೀಡೊಗೆ ಜಾಗವಿದೆ, ಪಂಚೆಗಿಲ್ಲ. ಲಾಂಡ್ರಿ ಹುಡುಗ ಅದನ್ನು ‘ಬೆಡ್‌ಶೀಟ್’ ಸಾಲಿಗೆ ಸೇರಿಸಿದ್ದ. ಈ ಹೊತ್ತಿಗೆ ಮೇಲಿನ ಮಹಡಿಯ ಯಾರೋ ಪುಣ್ಯಾತ್ಮರು ನನ್ನ ಜರಿಯಂಚಿನ ಮೇಲೆ ಗೊರಕೆ ಹೊಡೆಯುತ್ತಿರಬಹುದು.

ನನ್ನದೊಂದು ವಿನಂತಿ. ಇಷ್ಟು ಒಳ್ಳೆಯ ನಿಯಮಗಳನ್ನು ಅತಿಥಿಗಳಿಗೂ ದಯಪಾಲಿಸಿ. ಮಿನಿಬಾರಿನ ಗೋಡಂಬಿ ಪೊಟ್ಟಣದ ಲೆಕ್ಕ ತಪ್ಪಿದರೆ ಅತಿಥಿಯ ಎಣಿಕೆಯೇ ಅಂತಿಮವಾಗಲಿ. ಸ್ನಾನದ ನಿಲುವಂಗಿ ಕಾಣೆಯಾದರೆ ಹೊಸದರ ಬೆಲೆಯನ್ನೇ ಬಿಲ್ಲಿಗೆ ಸೇರಿಸುತ್ತೀರಿ. ಇನ್ನು ಮುಂದೆ ಅದಕ್ಕೂ ಒಗೆತದ ಹತ್ತು ಪಟ್ಟೇ ಸಾಕು. ನಿಲುವಂಗಿ ಒಗೆಯಲು ತಾವು ನಮ್ಮಿಂದ ಕಾಸು ಪಡೆಯುವುದಿಲ್ಲ. ಸೊನ್ನೆಯ ಹತ್ತು ಪಟ್ಟು ಎಷ್ಟೆಂದು ತಮ್ಮ ಅಕೌಂಟ್ಸ್ ವಿಭಾಗವೇ ಹೇಳಲಿ.

ಆದರೆ ಕಾನೂನಿಗೆ ತಮ್ಮಷ್ಟು ಕಲ್ಪನಾಶಕ್ತಿ ಇಲ್ಲ. ಒಪ್ಪಿಸಿಕೊಂಡ ವಸ್ತುವನ್ನು, ಸಾಮಾನ್ಯ ವಿವೇಕವುಳ್ಳವನು ತನ್ನದೇ ಅಂಥ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನದಿಂದ ನೋಡಿಕೊಳ್ಳಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 151ನೇ ಕಲಂ. ತಮ್ಮ ನಿಲುವಂಗಿಗೆ ತೋರುವ ಅಕ್ಕರೆಯನ್ನು ನನ್ನ ಪಂಚೆಗೂ ತೋರಿದ್ದರೆ ಸಾಕಿತ್ತು.

ಫಾರ್ಮಿನಲ್ಲಿ ಬರೆದಿದೆಯಲ್ಲ ಎನ್ನುವಿರೇನೋ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ, ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ಹೋದ ಅತಿಥಿಯೊಬ್ಬರ ಕಾರು ಕಳುವಾಯಿತು. ಪಾರ್ಕಿಂಗ್ ಚೀಟಿಯಲ್ಲೂ ‘ಮಾಲೀಕರದೇ ಹೊಣೆ’ ಎಂದು ಅಚ್ಚಾಗಿತ್ತು. ತನ್ನವರ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಅಂಥ ಒಕ್ಕಣೆ ತೋರಿಸಿ ಪಾರಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ನಾಲ್ಕು ಚಕ್ರವಿದ್ದ ಕಾರಿನ ವಿಷಯದಲ್ಲೇ ಹೀಗೆ. ಕಾಲೇ ಇಲ್ಲದ ನನ್ನ ಪಂಚೆ ತಾನಾಗಿ ನಡೆದುಹೋಯಿತೆಂದರೆ ಯಾರು ನಂಬಿಯಾರು?

ಆದ್ದರಿಂದ ವಾರದೊಳಗೆ ಪಂಚೆಯನ್ನು ಹುಡುಕಿಸಿ, ಇಲ್ಲವೇ ಅದರ ನಿಜವಾದ ಬೆಲೆ ಕಳುಹಿಸಿ. ಎರಡೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಭೇಟಿಯಾಗೋಣ. ಸೇವೆಗೆ ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ತಮ್ಮ ಲಾಂಡ್ರಿ ದರ ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ಇತಿ,
ತಮ್ಮ ಎಣಿಕೆಗೆ ಸಿಗದ ಅತಿಥಿ