ಸ್ವಯಂಸೇವಾ ಮೀಮಾಂಸೆ: ಆಂತರಿಕ ಲೆಕ್ಕಪರಿಶೋಧಕರ ಸಂಘದ ಮೇಲೊಂದು ಭಾಷ್ಯ

ಅನುಬಂಧ ಚತುಷ್ಟಯ

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿಬಿಡಬೇಕೆಂದು ಹಿರಿಯರು ಕಟ್ಟು ಮಾಡಿಟ್ಟಿದ್ದಾರೆ: ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ. ವಿಷಯವೆಂದರೆ, ಊರಿನ ಆಂತರಿಕ ಲೆಕ್ಕಪರಿಶೋಧಕರ ಸಂಘದಲ್ಲಿ ಸಂಬಳವಿಲ್ಲದೆ ದುಡಿಯುವುದು ಮತ್ತು ಶುಲ್ಕ ಕಟ್ಟಿ ಕಲಿಯುವುದು. ಈ ಶಾಸ್ತ್ರಕ್ಕೆ ಅಧಿಕಾರಿ, ತಾನು ಹತ್ತಿರ ಬಂದ ಕೂಡಲೇ ಮೇಜಿನಲ್ಲಿದ್ದವರು ಊಟಕ್ಕೆ ಎದ್ದು ಹೋಗುವಂಥ ವೃತ್ತಿಯಲ್ಲಿರುವವನು. ಸಂಬಂಧ, ವಾಟ್ಸ್ಯಾಪ್ ಗುಂಪು. ಪ್ರಯೋಜನ, ಮೇಲ್ನೋಟಕ್ಕೆ ಸಿಪಿಇ, ಅಂದರೆ ನಿರಂತರ ವೃತ್ತಿಶಿಕ್ಷಣದ ಗಂಟೆ. ನಿಜವಾದದ್ದು ಸಿದ್ಧಾಂತ ಪಾದದಲ್ಲಿ ಬರುತ್ತದೆ, ಅಲ್ಲಿಯವರೆಗೆ ಯಾರೂ ಎದ್ದು ಹೋಗಬಾರದು.

ಇಲ್ಲಿ ವರ್ಣಿಸಿದ ಸಂಘ ಯಾವ ಒಂದು ಊರಿನದೂ ಅಲ್ಲ, ಎಲ್ಲ ಊರುಗಳ ಸಂಘಗಳ ಸಾರ ಹಿಂಡಿ ತೆಗೆದದ್ದು. ಇದು ನಮ್ಮದೇ ಎಂದು ಯಾರಿಗಾದರೂ ಅನ್ನಿಸಿದರೆ ಅವರು ಲಿಖಿತ ಅನುಪಾಲನಾ ವರದಿ ಸಲ್ಲಿಸತಕ್ಕದ್ದು.

ಪರಂಪರಾ ಪಾದ

ಸೂತ್ರ 1: ಮೊದಲು ಕದಿಯುವವನು, ಆಮೇಲೆ ಹುಡುಕುವವನು, ಕೊನೆಗೆ ಸಂಘ.

ಭಾಷ್ಯ: ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜನ ಹಣ ನುಂಗುವ 40 ಬಗೆಗಳನ್ನು ಒಂದೊಂದಾಗಿ ಎಣಿಸಿದ್ದಾನೆ. ಬಂದ ಹಣವನ್ನು ಬಂದಿಲ್ಲವೆಂದು ಬರೆಯುವುದು, ಒಬ್ಬ ಕೊಟ್ಟದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ಮೊದಲು ಬಂದದ್ದನ್ನು ಆಮೇಲೆ ಬಂದಂತೆ ತೋರಿಸುವುದು, ತೂಕದಲ್ಲಿ ಕೈಚಳಕ. ಇವತ್ತಿನ ವಂಚನೆ ಪತ್ತೆ ಕಾರ್ಯಾಗಾರದ ಸ್ಲೈಡಿಗೆ ಈ ಪಟ್ಟಿಯನ್ನು ಹಾಗೇ ಅಂಟಿಸಬಹುದು. ಎಷ್ಟೋ ಸಲ ಅಂಟಿಸಿಯೂ ಇದ್ದಾರೆ. ಆಷಾಢದಲ್ಲಿ ಲೆಕ್ಕ ತಂದೊಪ್ಪಿಸಬೇಕೆಂಬ ಗಡುವೂ ಅಲ್ಲಿದೆ. ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದೆಂಬ ತಿಂಗಳಿನಲ್ಲಿ ಗುಮಾಸ್ತನನ್ನೂ ಲೆಕ್ಕಾಧ್ಯಕ್ಷನನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ ಧೈರ್ಯ ಕೌಟಿಲ್ಯನದು.

ಈ ಗ್ರಂಥದ ಹಸ್ತಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು 1905ರಲ್ಲಿ. ಅದೇ 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಸಹಕಾರ ಸಂಘವೆಂದು ಹೆಸರಾದ ಸಂಘವನ್ನು ಕಟ್ಟಿದರು. ಒಂದೇ ವರ್ಷ, ಒಂದು ಕಡೆ ಜನ ಹಣ ಕೂಡಿಸಲು ಕಲಿತರು, ಇನ್ನೊಂದು ಕಡೆ ಅದನ್ನು ಕರಗಿಸುವ ನಲವತ್ತು ದಾರಿ ಬೆಳಕಿಗೆ ಬಂತು. ಪಾಮರರು ಇದನ್ನು ಕಾಕತಾಳೀಯವೆಂದು ಬಿಟ್ಟುಬಿಡುತ್ತಾರೆ. ಭಾಷ್ಯಕಾರನಿಗೆ ಆ ಸ್ವಾತಂತ್ರ್ಯವಿಲ್ಲ.

ಸಂಘದ ಮೂಲಪುರುಷರು ಅಮೆರಿಕದವರು. 1941ರ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ 24 ಸದಸ್ಯರೊಂದಿಗೆ ಆಂತರಿಕ ಲೆಕ್ಕಪರಿಶೋಧಕರ ಸಂಸ್ಥೆ ಸಭೆ ಸೇರಿತು. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದು ಎರಡೇ ದಿನವಾಗಿತ್ತು, ಅಮೆರಿಕ ಯುದ್ಧಕ್ಕೆ ಧುಮುಕಿತ್ತು. ಸಭೆ ಮಾತ್ರ ಮುಂದಕ್ಕೆ ಹೋಗಲಿಲ್ಲ. ಮಳೆ ಹನಿದರೆ ‘ಇವತ್ತಿನ ಮೀಟಿಂಗ್ ಇದೆಯಾ?’ ಎಂದು ಗುಂಪಿನಲ್ಲಿ ಕೇಳುವ ಸದಸ್ಯರು ಈ ವಾಕ್ಯವನ್ನು ಎರಡು ಸಲ ಓದಬೇಕು.

ನಮ್ಮ ದೇಶದಲ್ಲಿ ಈ ವೃತ್ತಿಗೆ ಕಾನೂನಿನ ಜನಿವಾರ ಬಿದ್ದದ್ದು ಕಂಪನಿಗಳ ಕಾಯ್ದೆ 2013ರ ಸೆಕ್ಷನ್ 138ರಿಂದ. ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಗೂ, ವಹಿವಾಟು 200 ಕೋಟಿ ರೂಪಾಯಿ ಮುಟ್ಟಿದ ಖಾಸಗಿ ಕಂಪನಿಗೂ ಆಂತರಿಕ ಲೆಕ್ಕಪರಿಶೋಧಕ ಬೇಕೇ ಬೇಕು. ಚೆಕ್ ಬೌನ್ಸ್ ಆದವರ ಮೇಲೆ ಕೇಸು ಹಾಕುವುದೂ ಬೇರೊಂದು ಕಾಯ್ದೆಯ ಸೆಕ್ಷನ್ 138ರಲ್ಲೇ. ಹಾಗಾಗಿ ‘ನಾನು 138ರ ಅಡಿ ಬಂದಿದ್ದೇನೆ’ ಎಂದು ಪರಿಚಯ ಹೇಳಿಕೊಂಡ ಆಡಿಟರನಿಗೆ ಸಣ್ಣ ಊರುಗಳಲ್ಲಿ ಕುರ್ಚಿ ಸಿಗುವುದಿಲ್ಲ.

ತರಬೇತಿ ಪಾದ

ಸೂತ್ರ 2: ಐವತ್ತು ನಿಮಿಷಕ್ಕೆ ಒಂದು ಗಂಟೆ.

ಭಾಷ್ಯ: ಸರ್ಟಿಫೈಡ್ ಇಂಟರ್ನಲ್ ಆಡಿಟರ್, ಅಂದರೆ ಸಿಐಎ ಆಗಲು ಮೂರು ಪತ್ರಿಕೆ ದಾಟಬೇಕು. ಮೊದಲನೆಯದರಲ್ಲಿ 125 ಪ್ರಶ್ನೆ, ಉಳಿದೆರಡರಲ್ಲಿ ತಲಾ 100. ತೇರ್ಗಡೆಗೆ 600 ಬೇಕು. ಅತಿ ಹೆಚ್ಚು 750, ಅತಿ ಕಡಿಮೆ 250. ಎಷ್ಟೇ ಕೆಟ್ಟದಾಗಿ ಬರೆದರೂ ಇನ್ನೂರೈವತ್ತಕ್ಕಿಂತ ಕೆಳಗೆ ಇಳಿಸದ ಇಂಥ ಔದಾರ್ಯ ನಮ್ಮ ಕಡೆಯ ಯಾವ ಕನ್ನಡ ಮೇಷ್ಟ್ರಿಗೂ ಬಂದದ್ದಿಲ್ಲ.

ಪಾಸಾದರೆ ಮುಗಿಯಿತೆನ್ನುವಂತಿಲ್ಲ. ವೃತ್ತಿಯಲ್ಲಿರುವ ಸಿಐಎ ವರ್ಷಕ್ಕೆ 40 ಗಂಟೆ ನಿರಂತರ ವೃತ್ತಿಶಿಕ್ಷಣ ತೋರಿಸಬೇಕು. ಕೌಟಿಲ್ಯನ ನಲವತ್ತಕ್ಕೆ ಸರಿಯಾಗಿ ನಲವತ್ತು. ಒಂದು ಬಗೆಯ ಕಳ್ಳತನಕ್ಕೆ ಒಂದು ಗಂಟೆ. ಇದರಲ್ಲಿ 2 ಗಂಟೆ ನೀತಿಗೆ ಮೀಸಲು. ಉಳಿದ 38 ಗಂಟೆ ನೀತಿ ಬೇಡವೇ ಎಂದು ಕೇಳುವವರು ಇನ್ನೂ ಪರೀಕ್ಷೆಗೆ ಕಟ್ಟಿಲ್ಲದವರು.

ಒಂದು ಸಿಪಿಇ ಗಂಟೆಗೆ 50 ನಿಮಿಷವೆಂದು ಲೆಕ್ಕ. ಕಡ್ಲೆಪುರಿಯ ಬಿಲ್ಲಿನಲ್ಲಿ ಹತ್ತು ರೂಪಾಯಿ ಕಮ್ಮಿ ಬಂದರೆ ಮೂರು ಪುಟ ಕಂಡಿಕೆ ಬರೆಯುವ ಈ ಜನ, ಗಂಟೆಗೆ ಹತ್ತು ನಿಮಿಷ ಎಲ್ಲಿ ಹೋಯಿತೆಂದು ಯಾವತ್ತೂ ಆಕ್ಷೇಪಣೆ ಎತ್ತಿಲ್ಲ. ಆ ಹತ್ತು ನಿಮಿಷದಲ್ಲಿ ಚಹಾ ಕೊಡುತ್ತಾರೆ.

ತರಬೇತಿಗೆ ಬರುವವರು ಎರಡು ಜಾತಿ. ಸಹಿವೀರನು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಫೈಲು ಬ್ಯಾಗು ಎತ್ತಿಕೊಂಡು, ಫೋನ್ ಬಂದವನಂತೆ ಹೊರಗೆ ಹೋಗಿ, ಊಟದ ಹೊತ್ತಿಗೆ ಪುನರ್ಜನ್ಮ ಪಡೆಯುತ್ತಾನೆ. ಅನಿಸಿಕಾಚಾರ್ಯನು ಪ್ರಶ್ನೋತ್ತರದಲ್ಲಿ ಮೈಕು ಹಿಡಿದು ‘ಇದು ಪ್ರಶ್ನೆ ಅಲ್ಲ, ನನ್ನದೊಂದು ಅನಿಸಿಕೆ’ ಎಂದು ಶುರುಮಾಡಿ, ತಾನು ಹಿಂದೆ ಒಂದು ಸಕ್ಕರೆ ಕಾರ್ಖಾನೆಯ ದಾಸ್ತಾನು ಎಣಿಸಿದ ಕಥೆಗೆ ಬರುತ್ತಾನೆ. ವರ್ಷಕ್ಕೊಂದು ಸಲ ಆ ಸಕ್ಕರೆ ಮೂಟೆಗಳ ಸಂಖ್ಯೆ ಏರುತ್ತದೆ. ಅದಕ್ಕೆ ಯಾರೂ ವೋಚರ್ ಕೇಳುವುದಿಲ್ಲ.

ಕಲಿಯಲು ಸಿಗುವುದು ಕಡಿಮೆಯೇನಲ್ಲ. 2025ರ ಜನವರಿ 9ರಿಂದ ಜಾರಿಗೆ ಬಂದ ಜಾಗತಿಕ ಮಾನದಂಡಗಳಲ್ಲಿ 5 ವಿಭಾಗ, 15 ತತ್ವ, 52 ಮಾನದಂಡ. ಒಂದು ಇಸ್ಪೀಟ್ ಕಟ್ಟಿನಲ್ಲಿರುವಷ್ಟೇ ಎಲೆ ಎಂಬುದನ್ನು ಕ್ಲಬ್ಬಿನ ಸದಸ್ಯರೂ ಆದ ಲೆಕ್ಕಪರಿಶೋಧಕರು ತಕ್ಷಣ ಗುರುತಿಸಿದರು. ಜೋಕರ್ ಯಾರೆಂಬುದು ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನವಾಗುತ್ತದೆ.

ಸೇವಾ ಪಾದ

ಸೂತ್ರ 3: ಕೆಮ್ಮಿದವನೇ ಕಾರ್ಯದರ್ಶಿ.

ಭಾಷ್ಯ: ಸರ್ವಸದಸ್ಯರ ಸಭೆಯಲ್ಲಿ ಅಧ್ಯಕ್ಷರು ‘ಹೊಸಬರು ಮುಂದೆ ಬರಬೇಕು’ ಎಂದ ಕ್ಷಣ ಸಭಿಕರೆಲ್ಲ ಏಕಕಾಲಕ್ಕೆ ಫೋನ್ ನೋಡುತ್ತಾರೆ. ಆ ಮೌನದಲ್ಲಿ ಯಾರು ಕುರ್ಚಿ ಸರಿಸಿದರೂ, ಗಂಟಲು ಸರಿಮಾಡಿಕೊಂಡರೂ ಅದು ಒಪ್ಪಿಗೆ. ನಡಾವಳಿಯಲ್ಲಿ ಇದನ್ನು ‘ಸರ್ವಾನುಮತದಿಂದ ಆಯ್ಕೆಯಾದರು’ ಎಂದು ಬರೆಯುತ್ತಾರೆ.

ಕಂಪನಿಗಳಿಗೆ ಹೋಗಿ ‘ಖರೀದಿಸುವವನೂ ಹಣ ಪಾವತಿಸುವವನೂ ಒಬ್ಬನೇ ಆಗಿರಕೂಡದು’ ಎಂದು ಕಟ್ಟುನಿಟ್ಟಾಗಿ ಬರೆಯುವವರು ಇದೇ ಮಹನೀಯರು. ಸಂಘದಲ್ಲಿ ಖಜಾಂಚಿಯೇ ಇಡ್ಲಿ ವಡೆಗೆ ಹೇಳುತ್ತಾನೆ, ತಾನೇ ಎಣಿಸಿಕೊಳ್ಳುತ್ತಾನೆ, ತಾನೇ ಹಣ ಕೊಡುತ್ತಾನೆ, ಉಳಿದ ವಡೆಯನ್ನು ತಾನೇ ತಿಂದು ದಾಸ್ತಾನು ಶೂನ್ಯ ಮಾಡುತ್ತಾನೆ. ಕೆಲಸ ಹಂಚಲು ಇನ್ನೊಬ್ಬ ಸ್ವಯಂಸೇವಕ ಬೇಕಲ್ಲ!

ಒಂದು ಲೆಕ್ಕಪತ್ರ ಮಂಜೂರಾತಿಯ ಪ್ರಸಂಗವನ್ನು ಇಲ್ಲಿ ಉದಾಹರಿಸುವುದು ಯುಕ್ತ. ಆಗಷ್ಟೇ ಸೇರಿದ್ದ, ನೋಂದಣಿ ಮೇಜು ನೋಡಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

‘ಸಾರ್, ಆಟೋ ಬಾಡಿಗೆ 340 ರೂಪಾಯಿ ಅಂತಿದೆ. ವೋಚರ್ ಕಾಣಿಸ್ತಿಲ್ಲ.’

‘ಆಟೋದವರು ವೋಚರ್ ಕೊಡ್ತಾರೇನಮ್ಮಾ?’ ಎಂದರು ಖಜಾಂಚಿ.

‘ಕೊಡಲ್ಲ ಸಾರ್. ಆದ್ರೆ ಮೊನ್ನೆ ನೀವೇ ತಗೊಂಡ ಕ್ಲಾಸಲ್ಲಿ, ಅಂಥ ಕಡೆ ಖರ್ಚು ಮಾಡಿದವರು ಸಹಿ ಹಾಕಿದ ಚೀಟಿ ಇಡಬೇಕು ಅಂದಿದ್ರಿ.’

ಸಭೆ ಚಪ್ಪಾಳೆ ತಟ್ಟಿತು. ಖಜಾಂಚಿಗಳು ಕನ್ನಡಕ ತೆಗೆದು ಒರೆಸಿ, ‘ಪಾಲಿಸಲಾಗುವುದು’ ಎಂದರು. ಈ ಒಂದು ಉತ್ತರವನ್ನು ಇಡೀ ವೃತ್ತಿಜೀವನದಲ್ಲಿ ಬೇರೆಯವರ ಬಾಯಿಂದ ಕೇಳಿ ಕೇಳಿ ಬೇಸತ್ತಿದ್ದವರು ಅವರು.

ಪೂರ್ವಪಕ್ಷ

ಇಲ್ಲಿ ಪ್ರತಿವಾದಿಯು ಆಕ್ಷೇಪಿಸುತ್ತಾನೆ: ಸ್ವಾತಂತ್ರ್ಯವೇ ಲೆಕ್ಕಪರಿಶೋಧಕನ ಪ್ರಾಣ. ತಾನು ಕಳೆದ 12 ತಿಂಗಳಲ್ಲಿ ಹೊಣೆ ಹೊತ್ತಿದ್ದ ಕೆಲಸವನ್ನು ತಾನೇ ಪರಿಶೋಧಿಸಿ ಭರವಸೆ ಕೊಟ್ಟರೆ ವಸ್ತುನಿಷ್ಠತೆ ಕೆಟ್ಟಿತೆಂದು ಮಾನದಂಡವೇ ಹೇಳುತ್ತದೆ. ಸ್ವಯಂಸೇವಕನಾದರೆ ಹನ್ನೆರಡು ತಿಂಗಳು ಸಂಘದ ಚಹಾವನ್ನು ಬೈಯುವ ಹಕ್ಕು ಹೋಯಿತು. ಬೈಯಲಾಗದ ಮೇಲೆ ಸದಸ್ಯನಾಗಿ ಏನು ಸುಖ? ಹಾಗಾಗಿ ಶುಲ್ಕ ಕಟ್ಟುವುದು, ಕೂರುವುದು, ಸಹಿ ಹಾಕುವುದು, ಹೋಗುವುದು, ಇದೇ ಧರ್ಮ.

ಇನ್ನೊಬ್ಬ ಪ್ರತಿವಾದಿ ಹೇಳುತ್ತಾನೆ: ಸೇವೆ ನಿಷ್ಕಾಮವಾಗಿರಬೇಕು. ಆದರೆ ಸಮಿತಿಯಲ್ಲಿ ದುಡಿದದ್ದಕ್ಕೆ, ಉಪನ್ಯಾಸ ಕೊಟ್ಟದ್ದಕ್ಕೆ, ಲೇಖನ ಬರೆದದ್ದಕ್ಕೆ ಒಂದು ಮಿತಿಯೊಳಗೆ ಸಿಪಿಇ ಗಂಟೆ ಸಿಗುತ್ತದೆ. ಫಲ ಸಿಗುವ ಸೇವೆ ಸೇವೆಯೇ ಅಲ್ಲ. ಆದ್ದರಿಂದ ನಾನು ಏನೂ ಮಾಡುವುದಿಲ್ಲ, ನನ್ನಷ್ಟು ನಿಷ್ಕಾಮಿ ಇನ್ನೊಬ್ಬನಿಲ್ಲ.

ಎರಡೂ ವಾದ ಬಲವಾಗಿವೆ. ಎರಡನ್ನೂ ಮಂಡಿಸಿದವರು ಊಟಕ್ಕೆ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಿದ್ದರೆಂಬುದನ್ನು ದಾಖಲೆಗಾಗಿ ಇಲ್ಲಿ ನಮೂದಿಸಲಾಗಿದೆ.

ಸಿದ್ಧಾಂತ ಪಾದ

ಸೂತ್ರ 4: ಮೇಜು ಎತ್ತಿದವನಿಗೇ ಮೂಲ ಕಾರಣ ಸಿಗುತ್ತದೆ.

ಭಾಷ್ಯ: ಯಾವ ತರಬೇತಿಗೆ ಹೋದರೂ ‘ಐದು ಸಲ ಏಕೆ ಎಂದು ಕೇಳಿ’ ಎಂಬ ಟೊಯೋಟಾ ಕಂಪನಿಯ ಉಪಾಯವನ್ನು ಕಲಿಸುತ್ತಾರೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಕಲಿಸುವಾಗ ಮುಂದಿನ ಎರಡು ಸಾಲು ಖಾಲಿ ಇರುತ್ತವೆ, ಅದು ಏಕೆಂದು ಮಾತ್ರ ಒಬ್ಬರೂ ಕೇಳುವುದಿಲ್ಲ.

ವೋಚರ್ ಕೇಳಿದ ಆ ಹುಡುಗಿ ಕೇಳಿದಳು. ಮುಂದಿನ ಸಾಲು ಏಕೆ ಖಾಲಿ? ಎಲ್ಲರೂ ಹಿಂದೆ ಕೂರುತ್ತಾರೆ. ಏಕೆ? ಹಿಂದಿನ ಬಾಗಿಲಿಂದಲೇ ಬರುತ್ತಾರೆ. ಏಕೆ? ಚಹಾ ಮೇಜು ಆ ಬಾಗಿಲ ಪಕ್ಕದಲ್ಲಿದೆ. ಅಲ್ಲೇ ಏಕೆ? ಪ್ಲಗ್ ಅಲ್ಲಿ ಮಾತ್ರ ಇದೆ. ಪ್ಲಗ್ ಏಕೆ ಬೇಕು? ಚಹಾದ ಕ್ಯಾನು ಬಿಸಿಯಾಗಿರಲು. ಅವಳು ಕ್ಯಾಂಟೀನಿನವನಿಗೆ ಫ್ಲಾಸ್ಕಿನಲ್ಲಿ ಚಹಾ ತರಲು ಹೇಳಿ, ಮೇಜನ್ನು ವೇದಿಕೆಯ ಮಗ್ಗುಲಿಗೆ ಎಳೆಸಿದಳು. ಮುಂದಿನ ಶನಿವಾರ ಮುಂದಿನ ಸಾಲಿನಲ್ಲಿ ಜಾಗವಿರಲಿಲ್ಲ. ಅನಿಸಿಕಾಚಾರ್ಯರು ಹಿಂದೆ ನಿಂತು ಮೈಕಿಗಾಗಿ ಕೈ ಆಡಿಸುತ್ತಿದ್ದರು, ಅವರ ಕೈಗೆ ಮೈಕು ತಲುಪುವಷ್ಟರಲ್ಲಿ ಸಮಯ ಮುಗಿದಿತ್ತು. ಒಂದೇ ಕ್ರಮದಿಂದ ಎರಡು ಕಂಡಿಕೆ ಚುಕ್ತಾ ಆದ ಪ್ರಸಂಗಗಳು ಈ ವೃತ್ತಿಯಲ್ಲಿ ವಿರಳ.

ಈಗ ಭಾಷ್ಯಕಾರನೂ ಪಂಡಿತಪೇಟ ತೆಗೆದಿಟ್ಟು ಎರಡು ಮಾತು ಹೇಳಬೇಕಾಗಿದೆ. ಆಡಿಟರನ ಕಷ್ಟವಿರುವುದು ತಪ್ಪು ಹುಡುಕುವುದರಲ್ಲಲ್ಲ. ಉತ್ತರ ಕೊಡದವರಿಂದ ಉತ್ತರ ತರಿಸುವುದು, ಮುನಿಸಿಕೊಂಡವರ ಜೊತೆ ಮತ್ತೆ ಮಾತಾಡುವುದು, ತನ್ನ ಕೈಕೆಳಗಿಲ್ಲದ ಜನರಿಂದ ಕೆಲಸ ಮಾಡಿಸುವುದು, ಅವನ ದಿನ ಸವೆಯುವುದು ಇದರಲ್ಲಿ. ಇದ್ಯಾವುದಕ್ಕೂ ಸ್ಲೈಡಿಲ್ಲ. ಭಾಷಣಕಾರರು ಹಿಂದಿನ ರಾತ್ರಿ ಕೈಕೊಟ್ಟಾಗ ಹತ್ತು ಮನೆಗೆ ಫೋನ್ ಮಾಡಿದವನಿಗೆ, ಸಭಾಂಗಣದ ಮೇನೇಜರನ ಕೈಕಾಲು ಹಿಡಿದು ಅರ್ಧ ಗಂಟೆ ಹೆಚ್ಚಿಗೆ ಪಡೆದವನಿಗೆ, ಮೂವತ್ತು ಮಂದಿಯಿಂದ ಶುಲ್ಕ ವಸೂಲು ಮಾಡಿಯೂ ಅವರ ಸ್ನೇಹ ಉಳಿಸಿಕೊಂಡವನಿಗೆ ಅದು ತಾನಾಗಿ ಬರುತ್ತದೆ. ಸಂಘದಲ್ಲಿ ಅವನಿಗೆ ಅಧಿಕಾರವಿಲ್ಲ, ಕಂಪನಿಯಲ್ಲೂ ಇಲ್ಲ. ಎರಡೂ ಕಡೆ ಒಂದೇ ವಿದ್ಯೆ ಬೇಕು. ಕಂಪನಿಯಲ್ಲಿ ಎಡವಿದರೆ ವರದಿ ಬಿದ್ದುಹೋಗುತ್ತದೆ. ಸಂಘದಲ್ಲಿ ಎಡವಿದರೆ ಹೆಚ್ಚೆಂದರೆ ಉಪ್ಪಿಟ್ಟು ತಣ್ಣಗಾಗುತ್ತದೆ. ಕಲಿಯಲು ಎರಡನೆಯದೇ ಅಗ್ಗ.

ಹಾಗೆಂದು ತರಬೇತಿ ಬೇಡವೆಂದಲ್ಲ. ‘ಏಕೆ’ ಎಂದು ಐದು ಸಲ ಕೇಳಬೇಕೆಂಬುದನ್ನು ಆ ಹುಡುಗಿ ಕಲಿತದ್ದು ತರಬೇತಿಯಲ್ಲೇ. ಕೇಳಿಸಿಕೊಂಡವರು ಅನೇಕರು, ಮೇಜು ಎಳೆದವಳು ಒಬ್ಬಳು. ತೀರ್ಪು: ಸಹಿ ಹಾಕಿದವರಿಗೆ ಗಂಟೆ ಸಿಗುತ್ತದೆ, ದುಡಿದವರಿಗೆ ವಿದ್ಯೆ ಸಿಗುತ್ತದೆ, ಎರಡನ್ನೂ ಮಾಡಿದವರಿಗೆ ಮೂರು ವರ್ಷದಲ್ಲಿ ಅಧ್ಯಕ್ಷಗಿರಿ ತಪ್ಪುವುದಿಲ್ಲ.

ಫಲಶ್ರುತಿ

ಈ ಭಾಷ್ಯವನ್ನು ಪ್ರಾತಃಕಾಲದಲ್ಲಿ ಓದಿದವನಿಗೆ ಬಾಕಿ ಅನುಪಾಲನಾ ವರದಿಗಳು ತಾವಾಗಿ ಬರುತ್ತವೆ. ಮಧ್ಯಾಹ್ನ ಓದಿದವನಿಗೆ ದಾಸ್ತಾನು ತಾಳೆಯಾಗುತ್ತದೆ. ಸಾಯಂಕಾಲ ಓದಿದವನಿಗೆ ಆಟೋದವನು ಮೀಟರ್ ಹಾಕುತ್ತಾನೆ. ಮೂರು ಹೊತ್ತೂ ಓದಿದವನಿಗೆ ಸಿಪಿಇ ಸಿಗುತ್ತದೆಯೇ ಎಂದು ಕೇಳಬಾರದು, ಸಿಗುವುದಿಲ್ಲ.

ಕೊನೆಯದಾಗಿ ಓದುಗರಲ್ಲಿ ಒಂದು ಅರಿಕೆ. ನಿಮ್ಮೂರಿನ ಸಂಘದ ಮುಂದಿನ ಸಭೆಗೆ ನೋಂದಣಿ ಮೇಜಿನಲ್ಲಿ ಇಬ್ಬರು, ಮೈಕು ಓಡಿಸಲು ಒಬ್ಬರು, ನಡಾವಳಿ ಬರೆಯಲು ಒಬ್ಬರು ಬೇಕಾಗಿದ್ದಾರೆ. ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು, ನಿವೃತ್ತರು, ಯಾರಾದರೂ ಆದೀತು. ಕೆಮ್ಮು ಬರುವವರೆಗೆ ಕಾಯದೆ ನೀವೇ ಹೋಗಿ ಹೆಸರು ಕೊಡಿ. ಖರ್ಚಿನ ಚೀಟಿಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.